ಹಾಲ್ಬ್ ಡ್ರೈ ಅಂದರೆ ಮೂರೂವರೆ ಅಲ್ಲ: ಫೋನಿನಲ್ಲಿ ಜರ್ಮನ್ ಕಲಿತ ನನ್ನ ಅನುಭವ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುವ ಮೊದಲೇ ಬೆಂಗಳೂರಿನಲ್ಲಿ ಎ2, ಅಂದರೆ ಜರ್ಮನ್ ಕಲಿಕೆಯ ಎರಡನೇ ಹಂತ, ಮುಗಿಸಿದ್ದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಹೇಗೋ ನಡೆಯುತ್ತಿತ್ತು. ಫೋನ್ ಅಂದರೆ ಮಾತ್ರ ಭಯ. ಮುಖ ಕಾಣಲ್ಲ, ಕೈಸನ್ನೆ ಇಲ್ಲ, ಆ ಕಡೆಯವರು ನಿಧಾನವಾಗಿ ಮಾತಾಡುವುದೂ ಇಲ್ಲ.

ಪೆಟ್ಟು ಬಿದ್ದದ್ದು ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟಿನಲ್ಲಿ. ರಿಸೆಪ್ಶನ್‌ನವರು 'ಡೊನರ್ಸ್‌ಟಾಗ್, ಹಾಲ್ಬ್ ಡ್ರೈ' ಅಂದರು. ಡೊನರ್ಸ್‌ಟಾಗ್ ಗುರುವಾರ, ಸರಿ. ಹಾಲ್ಬ್ ಅಂದರೆ ಅರ್ಧ, ಡ್ರೈ ಅಂದರೆ ಮೂರು, ಹಾಗಾದರೆ ಮೂರೂವರೆ ಅಂತ ಲೆಕ್ಕ ಹಾಕಿ ಹೋದೆ. ಅವರು ಹೇಳಿದ್ದು ಎರಡೂವರೆ! ನಾವು ಆಗಿಹೋದ ಗಂಟೆಯ ಮೇಲೆ ಅರ್ಧ ಸೇರಿಸುತ್ತೇವೆ, ಅವರು ಮೂರನೇ ಗಂಟೆ ಅರ್ಧ ಆಯಿತು ಅನ್ನುತ್ತಾರೆ. ಮತ್ತೆ ಟೈಮ್ ಸಿಕ್ಕಿದ್ದು ಐದು ವಾರದ ನಂತರ, ಅಲ್ಲಿಯವರೆಗೂ ಕೈ ತುರಿಕೆ. ಈ ಊರಿನ ಕಡೆ 'ಫಿಯರ್ಟೆಲ್ ಡ್ರೈ' ಅಂದರೆ 2.15, 'ಡ್ರೈಫಿಯರ್ಟೆಲ್ ಡ್ರೈ' ಅಂದರೆ 2.45. ಅಂದಿನಿಂದ ಯಾರು ಏನೇ ಟೈಮ್ ಹೇಳಲಿ, 24 ಗಂಟೆಯ ಲೆಕ್ಕದಲ್ಲಿ ತಿರುಗಿಸಿ ಕೇಳುತ್ತೇನೆ: 'ಆಲ್ಸೊ ಉಮ್ ಫಿಯರ್‌ತ್ಸೇನ್ ಊರ್ ಡ್ರೈಸಿಶ್?' ಅಂದರೆ, 14.30ಕ್ಕೆ ಅಲ್ವಾ? ಒಂದೇ ಒಂದು ವಾಕ್ಯ ಕಲಿಯುವುದಾದರೆ ಇದನ್ನು ಕಲಿಯಿರಿ.

ಆಮೇಲೆ ಸುಮ್ನೆ ಪದಗಳನ್ನು ಬಾಯಿಪಾಠ ಮಾಡುವುದು ಬಿಟ್ಟೆ. ಗಮನಿಸಿದರೆ ಇಂಥ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಹೋಗುತ್ತವೆ. ಅದನ್ನೇ ಒಂದು ಹಾಳೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಹೆಸರು ಹೇಳಿ, 'ಇಶ್ ಮ್ಯೋಶ್ಟೆ ಗೆರ್ನ್ ಐನೆನ್ ಟೆರ್ಮೀನ್ ಔಸ್‌ಮಾಖೆನ್' ಅನ್ನಬೇಕು, ಅಪಾಯಿಂಟ್‌ಮೆಂಟ್ ಬೇಕಿತ್ತು ಅಂತ. ಆಗ ಅವರ ಪ್ರಶ್ನೆ ಶುರು: 'ವೊರುಮ್ ಗೇಟ್ ಎಸ್?' ಅಂದರೆ ಏನು ವಿಷಯ, 'ವಾರೆನ್ ಜೀ ಶೋನ್ ಮಾಲ್ ಬೈ ಉನ್ಸ್?' ಅಂದರೆ ಮೊದಲು ಬಂದಿದ್ದೀರಾ, 'ಗೆಜೆಟ್ಸ್‌ಲಿಶ್ ಓಡರ್ ಪ್ರಿವಾಟ್?' ಅಂದರೆ ನಿಮ್ಮ ಇನ್ಶೂರೆನ್ಸ್ ಸರ್ಕಾರಿ ವ್ಯವಸ್ಥೆಯದೋ ಖಾಸಗಿಯೋ. ಪ್ರಶ್ನೆ ಮೊದಲೇ ಗೊತ್ತಿದ್ದರೆ ಅರ್ಧ ಕೇಳಿಸಿದರೂ ಸಾಕು. ಅವರು ಹೇಳಿದ ದಿನ ಆಗದಿದ್ದರೆ, 'ಡಾ ಕಾನ್ ಇಶ್ ಲೈಡರ್ ನಿಶ್ಟ್. ಗೇಟ್ ಎಸ್ ಔಖ್ ಅಮ್ ಫ್ರೈಟಾಗ್?' ಅಂದರೆ ಕ್ಷಮಿಸಿ, ಆವತ್ತು ಆಗಲ್ಲ, ಶುಕ್ರವಾರ ಆಗುತ್ತಾ? ಲೈಡರ್ ಬಿಡಬೇಡಿ, ಆ ಒಂದು ಪದದಿಂದ 'ಆಗಲ್ಲ' ಅನ್ನುವುದು ಮೃದುವಾಗುತ್ತದೆ.

ನನಗೆ ಜಾಸ್ತಿ ತೊಂದರೆ ಕೊಟ್ಟಿದ್ದು ನನ್ನದೇ ಹೆಸರು. ಸ್ಪೆಲ್ಲಿಂಗ್ ಹೇಳುವಾಗ ಇಂಗ್ಲಿಷಿನ ಹಾಗೆ 'ಇ' ಅಂದರೆ ಅವರು ಐ ಅಕ್ಷರ ಬರೆಯುತ್ತಾರೆ, 'ಎ' ಅಂದರೆ ಇ ಬರೆಯುತ್ತಾರೆ! ಅವರ ಬಾಯಲ್ಲಿ ಎ ಅಕ್ಷರ 'ಆ', ಇ ಅಕ್ಷರ 'ಏ', ಐ ಅಕ್ಷರ 'ಈ', ವಿ ಅಕ್ಷರ 'ಫೌ', ಜೆ ಅಕ್ಷರ 'ಯೋಟ್'. ಅದಕ್ಕೇ ಪ್ರತಿ ಅಕ್ಷರಕ್ಕೂ ಒಂದು ಪದ ಕಲಿತೆ: ಆ ವೀ ಆಂಟೋನ್, ಬೇ ವೀ ಬೆರ್ಟಾ, ಅಂದರೆ ಆಂಟೋನ್ ಹೆಸರಿನ ಎ, ಬೆರ್ಟಾ ಹೆಸರಿನ ಬಿ. 2022ರಲ್ಲಿ ಊರಿನ ಹೆಸರುಗಳ ಹೊಸ ಪಟ್ಟಿ ಬಂದಿದೆ, ಆಖೆನ್, ಬರ್ಲೀನ್, ಹೀಗೆ. ಆದರೆ ನಾನು ಕರೆ ಮಾಡಿದ ಕಡೆಯೆಲ್ಲ ಆಂಟೋನ್, ಬೆರ್ಟಾನೇ ಕೇಳಿಸುತ್ತದೆ.

ನಂಬರ್ ಬರೆದುಕೊಳ್ಳುವಾಗಲೂ ಎಚ್ಚರ ಬೇಕು. ಇಪ್ಪತ್ತೊಂದಕ್ಕೆ ಅವರು ಒಂದು ಮೊದಲು, ಇಪ್ಪತ್ತು ಆಮೇಲೆ ಹೇಳುತ್ತಾರೆ. 'ಐನ್‌ತ್ಸೆಲ್ನ್, ಬಿಟ್ಟೆ' ಅಂತ ಕೇಳಿದರೆ ಒಂದೊಂದೇ ಅಂಕಿ ಹೇಳುತ್ತಾರೆ. ತ್ಸ್ವೈ (ಎರಡು), ಡ್ರೈ (ಮೂರು) ಫೋನಿನಲ್ಲಿ ಒಂದೇ ಥರ ಕೇಳುವುದರಿಂದ ಎರಡಕ್ಕೆ ಎಷ್ಟೋ ಜನ 'ತ್ಸ್ವೋ' ಅನ್ನುತ್ತಾರೆ, ನಾನೂ ಹಾಗೇ ಹೇಳುತ್ತೇನೆ.

ಅಭ್ಯಾಸ ಮಾಡಿದ್ದು ಮನೆಯಲ್ಲೇ. ರಾತ್ರಿ ಊಟ ಆದಮೇಲೆ ನಮ್ಮ ಮನೆಯವರು ಅಡುಗೆಮನೆಯಿಂದ ಫೋನ್ ಮಾಡುತ್ತಿದ್ದರು, ನಾನು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಎತ್ತುತ್ತಿದ್ದೆ. ಮುಖ ಕಾಣಬಾರದು, ಅದು ಮುಖ್ಯ. ಎರಡು ತಿಂಗಳು ಬಿಡದೆ ಮಾಡಿದೆವು.

ಫೋನ್ ಇಡುವಾಗ 'ಔಫ್ ವೀಡರ್‌ಜೇಎನ್' ಅನ್ನುತ್ತಿದ್ದೆ, ಮತ್ತೆ ನೋಡೋಣ ಅಂತ. ಫೋನಿಗೆ ಬೇರೆಯೇ ಮಾತಿದೆ, 'ಔಫ್ ವೀಡರ್‌ಹ್ಯೋರೆನ್', ಮತ್ತೆ ಕೇಳೋಣ ಅಂತ. ಮೊದಲ ಸಲ ನಾನು ಹಾಗೆ ಅಂದಾಗ ಆ ಕಡೆಯ ಅಮ್ಮನ ದನಿಯೇ ಮೆತ್ತಗಾಯಿತು.