ಕೂತಲ್ಲೇ ಚಲಿಸಿದಂತೆ: ಒಂದು ಪ್ರೊಜೆಕ್ಟರ್‌ನಲ್ಲಿ ವೆಕ್ಷನ್ ಪ್ರಯೋಗ ಕಟ್ಟುವ ಬಗೆ

ನಿಲ್ದಾಣದಲ್ಲಿ ಪಕ್ಕದ ಹಳಿಯ ರೈಲು ಹೊರಟಾಗ ನಮ್ಮದೇ ಹೊರಟಂತೆ ಭಾಸವಾಗುತ್ತದೆ. ಕಣ್ಣಿಗೆ ಕಂಡ ಚಲನೆಯಿಂದಷ್ಟೇ ಹುಟ್ಟುವ ಈ ಸ್ವಚಲನೆಯ ಅನುಭವಕ್ಕೆ ವೆಕ್ಷನ್ ಎಂದು ಹೆಸರು. 19ನೇ ಶತಮಾನದಲ್ಲೇ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಇದನ್ನು ಪ್ರಯೋಗಕ್ಕೆ ತಂದಿದ್ದರು. ಆಗ ಸುತ್ತುವ ಡ್ರಮ್ ಬೇಕಿತ್ತು. ಈಗ ಮನಶ್ಶಾಸ್ತ್ರ ವಿಭಾಗದ ಒಂದು ಕತ್ತಲೆ ಕೋಣೆ, ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಮತ್ತು ಗದ್ದ ಊರುವ ಸ್ಟ್ಯಾಂಡ್ ಸಾಕು.

ಉಪಕರಣ ಸುಲಭವಾಯಿತೆಂದು ಪ್ರಯೋಗ ಸುಲಭವಾಗಿಲ್ಲ. ಇಲ್ಲಿ ಫಲಿತಾಂಶ ಕೆಡುವುದು ಹೆಚ್ಚಾಗಿ ಮೊದಲ ವ್ಯಕ್ತಿ ಕುರ್ಚಿಯಲ್ಲಿ ಕೂರುವ ಮುಂಚೆಯೇ, ಪರದೆಯ ಜ್ಯಾಮಿತಿಯಲ್ಲಿ ಮತ್ತು ಸೂಚನೆಯ ಮಾತಿನಲ್ಲಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅವೆರಡಕ್ಕೇ ಹೆಚ್ಚು ಜಾಗ.

ಉದಾಹರಣೆಗೆ ಒಂದು ಹಳೆಯ ಪ್ರಶ್ನೆಯನ್ನೇ ಹಿಡಿಯೋಣ: ವೆಕ್ಷನ್ ಹುಟ್ಟಿಸುವುದರಲ್ಲಿ ನೋಟದ ಅಂಚು ನಡುಭಾಗಕ್ಕಿಂತ ಪ್ರಬಲವೇ? ಬ್ರಾಂಡ್ಟ್, ಡಿಕ್‌ಗನ್ಸ್ ಮತ್ತು ಕೋನಿಗ್ 1973ರಲ್ಲಿ ಹೌದು ಎಂದರು. ಸಮಾನ ವಿಸ್ತೀರ್ಣ ಕೊಟ್ಟರೆ ಆ ವ್ಯತ್ಯಾಸ ಉಳಿಯುವುದಿಲ್ಲ ಎಂದು 1988ರಲ್ಲಿ ಪೋಸ್ಟ್ ತೋರಿಸಿದರು. ಅಂಚಿನ ಭಾಗ ಸಹಜವಾಗಿಯೇ ದೊಡ್ಡದು. ಅದನ್ನು ಸರಿದೂಗಿಸದೆ ಹೋಲಿಸಿದರೆ ಅಳೆದದ್ದು ಸ್ಥಾನವನ್ನೋ ವಿಸ್ತೀರ್ಣವನ್ನೋ ಗೊತ್ತಾಗುವುದಿಲ್ಲ. ಈ ಪ್ರಶ್ನೆ ಚೆನ್ನಾಗಿ ಕಟ್ಟಲು ಬಂದರೆ ಉಳಿದ ವೆಕ್ಷನ್ ಪ್ರಯೋಗಗಳೂ ಕೈಗೆ ಬರುತ್ತವೆ.

ಪರದೆ ಮತ್ತು ಕೋಣೆ

ಪರದೆ 2 ಮೀಟರ್ ಅಗಲವಿರಲಿ, ಕಣ್ಣು ಅದರಿಂದ 1 ಮೀಟರ್ ದೂರದಲ್ಲಿರಲಿ. ನೋಟದ ಕೋನ = 2 × ಆರ್ಕ್‌ಟ್ಯಾನ್ (ಅಗಲದ ಅರ್ಧ ÷ ದೂರ). ಈ ಲೆಕ್ಕಕ್ಕೆ ಅಡ್ಡಕ್ಕೆ 90 ಡಿಗ್ರಿ ಸಿಗುತ್ತದೆ. 16:9 ಪ್ರೊಜೆಕ್ಟರ್ ಆದರೆ ಎತ್ತರ 1.125 ಮೀ., ಅಂದರೆ ಸುಮಾರು 58.7 ಡಿಗ್ರಿ. ಅಡ್ಡಕ್ಕೆ 1920 ಪಿಕ್ಸೆಲ್ ಇದ್ದರೆ ಒಂದೊಂದೂ 1.04 ಮಿ.ಮೀ.

ಇಷ್ಟು ಹತ್ತಿರ ಕೂತಾಗ ತಲೆಯ ನೆರಳೇ ಮೊದಲ ತೊಂದರೆ. ತರಗತಿಯ ಸಾಮಾನ್ಯ ಪ್ರೊಜೆಕ್ಟರ್‌ನ ಥ್ರೋ ಅನುಪಾತ (ಪರದೆಯಿಂದ ದೂರ ÷ ಚಿತ್ರದ ಅಗಲ) 1.5ರ ಸುಮಾರು ಇರುತ್ತದೆ. 2 ಮೀಟರ್ ಚಿತ್ರಕ್ಕೆ ಅದು 3 ಮೀಟರ್ ಹಿಂದೆ ಹೋಗಬೇಕು, ಬೆಳಕಿನ ದಾರಿಯಲ್ಲಿ ತಲೆ ಬರುತ್ತದೆ. ಪರದೆಯ ಹಿಂದಿನಿಂದ ಬಿಡುವುದು ಒಳ್ಳೆಯದು (ಆಗ ಪ್ರೊಜೆಕ್ಟರ್‌ನಲ್ಲೇ ಚಿತ್ರವನ್ನು ಎಡಬಲ ತಿರುಗಿಸಿ). ಹಿಂದೆ ಜಾಗವಿಲ್ಲದಿದ್ದರೆ 0.5ರ ಶಾರ್ಟ್ ಥ್ರೋ ತರಿಸಿ. ಪ್ರೊಜೆಕ್ಟರ್ ಓರೆಯಾಗಿ ಇಟ್ಟು ಕೀಸ್ಟೋನ್ (ಓರೆಯಿಂದಾಗಿ ಚಿತ್ರ ಒಂದು ಕಡೆ ಅಗಲವಾಗುವುದು) ಸರಿಪಡಿಸುವ ದಾರಿ ಬೇಡ. ಅದು ಚಿತ್ರವನ್ನು ಮತ್ತೆ ಹಿಗ್ಗಿಸಿ ಕುಗ್ಗಿಸುತ್ತದೆ, ಸಣ್ಣ ಚುಕ್ಕಿಗಳು ಮಸುಕಾಗಿ ಮಿಣುಕುತ್ತವೆ. ಚಲನೆಯನ್ನು ನಯವಾಗಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ. ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸುವ ಒಂದೇ ಚಿಪ್‌ನ ಡಿಎಲ್‌ಪಿ ಪ್ರೊಜೆಕ್ಟರ್‌ಗಳಲ್ಲಿ ಕಣ್ಣು ಸರಿದಾಗ ಬಿಳಿ ಚುಕ್ಕಿಗಳ ಅಂಚಿನಲ್ಲಿ ಕೆಂಪು, ಹಸಿರು ಒಡೆದು ಕಾಣುತ್ತದೆ. ಮೂರು ಫಲಕದ ಎಲ್‌ಸಿಡಿಯಲ್ಲಿ ಈ ಕಾಟವಿಲ್ಲ.

ಆದರೆ ಎಲ್‌ಸಿಡಿಗೆ ಅದರದೇ ಒಂದು ಕೊರತೆ: ಕಪ್ಪು ಪೂರ್ತಿ ಕಪ್ಪಾಗದೆ ಬೂದುಬಣ್ಣವಾಗಿ ಕಾಣುತ್ತದೆ. ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಪರದೆಯ ಆಯತ ಎದ್ದು ತೋರುತ್ತದೆ, ಜೊತೆಗೆ ಗೋಡೆ, ಸೀಲಿಂಗ್ ಕೂಡ. ಇದು ಸಣ್ಣ ವಿಷಯವಲ್ಲ. ಚಲಿಸುವ ಚುಕ್ಕಿಗಳ ಹಿಂದೆ ಸ್ಥಿರವಾದದ್ದು ಏನಾದರೂ ಕಂಡರೆ ವೆಕ್ಷನ್ ಸೊರಗುತ್ತದೆ. ಅದೇ ಸ್ಥಿರ ವಸ್ತು ಚುಕ್ಕಿಗಳ ಮುಂದೆ ಇದ್ದರೆ ಅಷ್ಟು ಕೆಡುಕಿಲ್ಲ, ಕೆಲವೊಮ್ಮೆ ನೆರವೇ ಆಗುತ್ತದೆ. ಆದ್ದರಿಂದ ಕಣ್ಣಿಗೆ 15–20 ಸೆಂ.ಮೀ. ಮುಂದೆ ಮಂಕು ಕಪ್ಪು ಬಳಿದ ರಟ್ಟಿನ ಚೌಕಟ್ಟು ನಿಲ್ಲಿಸಿ. ಪರದೆಯ ಅಂಚು ಮಾತ್ರ ಮುಚ್ಚುವಷ್ಟು ಕಿಂಡಿ ಕೊರೆಯಿರಿ. ಆಗ ಚುಕ್ಕಿಗಳು ಕಿಟಕಿಯಾಚೆಯ ಹಿನ್ನೆಲೆಯಾಗುತ್ತವೆ. ಕಿಟಕಿ, ಬಾಗಿಲ ಸಂದಿಗೆ ಕಪ್ಪು ಬಟ್ಟೆ, ಲ್ಯಾಪ್‌ಟಾಪ್‌ನ ಪುಟ್ಟ ದೀಪಕ್ಕೆ ಇನ್ಸುಲೇಷನ್ ಟೇಪ್.

ಸೀಲಿಂಗ್ ಫ್ಯಾನ್ ನಿಲ್ಲಿಸಿ. ಒಂದೇ ಕಡೆಯಿಂದ ಬರುವ ಸದ್ದು ಮತ್ತು ಗಾಳಿ, ನೀನು ಇಲ್ಲೇ ಇದ್ದೀ ಎಂದು ಹೇಳುತ್ತಲೇ ಇರುತ್ತವೆ. ಹೆಡ್‌ಫೋನ್‌ನಲ್ಲಿ ಏಕರೂಪದ ಬಿಳಿ ಸದ್ದು ಹಾಕಿ. ಸೆಕೆಯ ದಿನಗಳಲ್ಲಿ ನಡುವಿನ ವಿರಾಮಕ್ಕೆ ಫ್ಯಾನ್ ಹಾಕಬಹುದು.

ಗದ್ದದ ಸ್ಟ್ಯಾಂಡ್ ಕುರ್ಚಿಗಲ್ಲ, ಮೇಜಿಗೆ ಬಿಗಿಯಿರಿ. ಕಣ್ಣಿನ ಎತ್ತರ ಪರದೆಯ ನಟ್ಟನಡುವಿಗೆ ಸರಿಹೊಂದಬೇಕು. ಪ್ರತಿಯೊಬ್ಬರಿಗೂ ಟೇಪ್ ಹಿಡಿದು ಅಳೆಯಿರಿ, 5 ಸೆಂ.ಮೀ. ಹಿಂದೆ ಸರಿದರೂ 90 ಡಿಗ್ರಿ 87 ಆಗುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಪರದೆ 1 ಮೀಟರ್‌ನಲ್ಲೇ ಚಪ್ಪಟೆಯಾಗಿದೆ ಎಂದು ಅವು ಸಾರುತ್ತವೆ. ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ತೋರಿಸುವ ಸ್ಟೀರಿಯೋ ವ್ಯವಸ್ಥೆ ಇಲ್ಲದಿದ್ದರೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ನೋಡುವ ಕಣ್ಣನ್ನು ನಡುವಿಗೆ ತನ್ನಿ. ಮೂಗಿನ ಕಡೆಗೆ ಒಂದು ಕಣ್ಣಿಗೆ ಸುಮಾರು 60 ಡಿಗ್ರಿ ಕಾಣುವುದರಿಂದ ನಮ್ಮ 45 ಡಿಗ್ರಿ ಒಳಗೇ ಬರುತ್ತದೆ. ಕನ್ನಡಕದ ಚೌಕಟ್ಟು ಅಂಚನ್ನು ಕತ್ತರಿಸಬಹುದು, ಯಾರು ಹಾಕಿದ್ದರೆಂದು ಬರೆದಿಡಿ.

ಚುಕ್ಕಿಗಳ ಲೆಕ್ಕ

ಮುಂದೆ ನುಗ್ಗುವಂಥ, ನಡುವಿನಿಂದ ಹೊರಗೆ ಚೆಲ್ಲುವ ಹರಿವನ್ನೇ ಎಲ್ಲರೂ ಮೊದಲು ಬರೆಯುತ್ತಾರೆ. ಈ ಪ್ರಶ್ನೆಗೆ ಅದು ತಪ್ಪು ಆಯ್ಕೆ. ಅದರಲ್ಲಿ ನಡುವಿನ ಚುಕ್ಕಿಗಳು ನಿಧಾನ, ಅಂಚಿನವು ವೇಗ. ಸ್ಥಾನದ ಜೊತೆ ವೇಗವೂ ಬದಲಾಗುತ್ತದೆ. ಎಡದಿಂದ ಬಲಕ್ಕೆ ಅಥವಾ ಬಲದಿಂದ ಎಡಕ್ಕೆ ಸಾಗುವ ಪಕ್ಕದ ಹರಿವು ತೆಗೆದುಕೊಳ್ಳಿ.

ಕಣ್ಣನ್ನು ಮೂಲಬಿಂದುವಾಗಿ ಇಟ್ಟುಕೊಂಡು x (ಎಡಬಲ) −15ರಿಂದ +15 ಮೀ., y (ಮೇಲೆ ಕೆಳಗೆ) −10ರಿಂದ +10 ಮೀ., z (ಮುಂದಕ್ಕೆ) 0ರಿಂದ 20 ಮೀ. ಇರುವ ಪೆಟ್ಟಿಗೆಯಲ್ಲಿ 3000 ಚುಕ್ಕಿಗಳನ್ನು ಯಾದೃಚ್ಛಿಕವಾಗಿ ಹರಡಿ. ಕಣ್ಣಿನಿಂದ ನೇರ ದೂರ r 2ರಿಂದ 20 ಮೀಟರ್ ಒಳಗಿರುವವನ್ನು ಮಾತ್ರ ಬಿಡಿಸಿ. ಪರದೆಯ ಮೇಲಿನ ಜಾಗ: x ÷ z × 1 ಮೀ., y ÷ z × 1 ಮೀ. ಪರದೆಯೊಳಗೆ ಏಕಕಾಲಕ್ಕೆ ಸುಮಾರು 940 ಚುಕ್ಕಿಗಳು ಬೀಳುತ್ತವೆ.

ಮಿತಿಯನ್ನು z ಬದಲು r ಮೇಲೆ ಹಾಕಿದ್ದಕ್ಕೆ ಕಾರಣವಿದೆ. z ಮೇಲೆ ಹಾಕಿದರೆ ಅಂಚಿನ ದಿಕ್ಕಿನಲ್ಲಿ ಚುಕ್ಕಿಗಳ ಮೋಡ ದಪ್ಪವಾಗಿ, ಅಲ್ಲಿ ಚುಕ್ಕಿಗಳು ಒತ್ತೊತ್ತಾಗುತ್ತವೆ. ಹಾಗಾದರೆ ಅಂಚು ಗೆದ್ದದ್ದು ಚುಕ್ಕಿಯ ಎಣಿಕೆಯಿಂದಲೋ ಏನೋ.

ವೇಗ ಸೆಕೆಂಡಿಗೆ 2 ಮೀ. 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ) ಪ್ರತಿ ಫ್ರೇಮಿಗೆ 3.3 ಸೆಂ.ಮೀ. ಅತಿ ಹತ್ತಿರದ ಚುಕ್ಕಿ ಸೆಕೆಂಡಿಗೆ 57 ಡಿಗ್ರಿ, ಅಂದರೆ ಫ್ರೇಮಿಗೆ ಹತ್ತಿರಹತ್ತಿರ 1 ಡಿಗ್ರಿ ಜಿಗಿಯುತ್ತದೆ. ಅತಿ ದೂರದ್ದು ಸೆಕೆಂಡಿಗೆ 5.7 ಡಿಗ್ರಿ. ಇನ್ನೂ ಹತ್ತಿರಕ್ಕೆ ಬಿಟ್ಟರೆ ಚಲನೆ ತುಂಡುತುಂಡಾಗಿ ಕಾಣುತ್ತದೆ, ಅದಕ್ಕೇ 2 ಮೀಟರ್‌ನ ಮಿತಿ. ಪೆಟ್ಟಿಗೆಯ ಬದಿ ದಾಟಿದ ಚುಕ್ಕಿಯನ್ನು ಎದುರು ಬದಿಗೆ ತಂದು ಹೊಸ y, z ಕೊಡಿ. ಆ ಬದಿ ನೋಟದ ಹೊರಗಿರುವುದರಿಂದ ಯಾರಿಗೂ ಕಾಣದು. ಆದರೆ 20 ಮೀಟರ್‌ನ ಗಡಿಯಲ್ಲಿ ಚುಕ್ಕಿಗಳು ದಿಢೀರನೆ ಹುಟ್ಟುತ್ತವೆ. 19ರಿಂದ 20 ಮೀ. ನಡುವೆ ಹೊಳಪನ್ನು ಸೊನ್ನೆಗೆ ಇಳಿಸಿದರೆ ಅಲ್ಲಿನ ಮಿಣುಕು ಹೋಗುತ್ತದೆ. ಚುಕ್ಕಿಯ ವ್ಯಾಸ 5 ಪಿಕ್ಸೆಲ್, ಸುಮಾರು 0.3 ಡಿಗ್ರಿ. ದೂರಕ್ಕೆ ತಕ್ಕಂತೆ ಗಾತ್ರ ಬದಲಿಸಿದರೂ ಸರಿ, ಬದಲಿಸದಿದ್ದರೂ ಸರಿ. ವರದಿಯಲ್ಲಿ ಯಾವುದೆಂದು ಹೇಳಿ.

ಈಗ ಸಮಾನ ವಿಸ್ತೀರ್ಣ. ಪಿಕ್ಸೆಲ್ ಎಣಿಸಿ ಸಮ ಮಾಡಬೇಡಿ. ಚಪ್ಪಟೆ ಪರದೆಯ ಅಂಚಿನ ಪಿಕ್ಸೆಲ್ ಕಣ್ಣಿಗೆ ನಡುವಿನದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಸಮ ಮಾಡಬೇಕಾದ್ದು ಘನಕೋನ, ಅಂದರೆ ಕಣ್ಣಿನಿಂದ ನೋಡಿದಾಗ ಆ ಭಾಗ ತುಂಬುವ ನೋಟದ ಪಾಲು: 2π(1 − ಕಾಸ್ ಅರ್ಧಕೋನ). ನಡುವಿನ ವೃತ್ತಕ್ಕೆ 20 ಡಿಗ್ರಿ ಅರ್ಧಕೋನ ಕೊಟ್ಟರೆ, ಅಷ್ಟೇ ಘನಕೋನದ ಉಂಗುರ 20ರಿಂದ 28.4 ಡಿಗ್ರಿವರೆಗೆ ಹರಡುತ್ತದೆ. ಪರದೆಯ ಮೇಲೆ ವೃತ್ತದ ತ್ರಿಜ್ಯ 36.4 ಸೆಂ.ಮೀ., ಉಂಗುರದ ಹೊರ ತ್ರಿಜ್ಯ 54.1 ಸೆಂ.ಮೀ. ಪರದೆಯ ಅರ್ಧ ಎತ್ತರ 56 ಸೆಂ.ಮೀ. ಇರುವುದರಿಂದ ಹಿಡಿಯುತ್ತದೆ. ಎರಡರಲ್ಲೂ ಸುಮಾರು 250 ಚುಕ್ಕಿ ಕಾಣಬೇಕು. ಪ್ರೋಗ್ರಾಂನಿಂದಲೇ ಎಣಿಸಿ ನೋಡಿ, ಎಣಿಕೆ ಒಂದಕ್ಕೊಂದು ದೂರವಿದ್ದರೆ ಸೂತ್ರದಲ್ಲೇನೋ ತಪ್ಪಿದೆ. ವೇಗ ಪೂರ್ತಿ ಸಮವಾಗುವುದಿಲ್ಲ: ಎಡಬಲ ಅಕ್ಷದ ಮೇಲೆ 28.4 ಡಿಗ್ರಿಯಲ್ಲಿ ಕೋನೀಯ ವೇಗ ಸುಮಾರು ಶೇ. 12 ಕಡಿಮೆ, ನೇರ ಮೇಲೆ ಕೆಳಗೆ ಇಳಿಕೆಯೇ ಇಲ್ಲ. ಇದನ್ನು ಒಪ್ಪಿಕೊಂಡು ನಡೆಯಬಹುದು.

ಎಲ್ಲ ಸ್ಥಿತಿಗಳಲ್ಲೂ ನಟ್ಟನಡುವೆ ಕದಲದ ಪುಟ್ಟ ಅಡ್ಡಗುರುತು ಇರಲಿ. ಅದಿಲ್ಲದಿದ್ದರೆ ಕಣ್ಣು ಚುಕ್ಕಿಗಳ ಬೆನ್ನು ಹತ್ತಿ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ಸ್ಥಿರ ಬಿಂದುವನ್ನು ನೋಡಿದಾಗ ವೆಕ್ಷನ್ ಬೇಗ ಬರುತ್ತದೆ ಎಂಬುದು ಇನ್ನೊಂದು ಲಾಭ.

ಸೈಕೋಪೈಯಂಥ ಉಚಿತ ತಂತ್ರಾಂಶದಲ್ಲಿ ಇದೆಲ್ಲ ಬರೆಯಬಹುದು. ಚುಕ್ಕಿಗಳನ್ನು ಒಂದೊಂದಾಗಿ ಬಿಡಿಸುವ ಲೂಪ್ ಬರೆದರೆ ಫ್ರೇಮ್ ತಪ್ಪುತ್ತದೆ. ಇಡೀ ಗುಂಪನ್ನು ಒಂದೇ ಬಾರಿಗೆ ಕಳಿಸುವ ವಿಧಾನ ಬಳಸಿ. ಲ್ಯಾಪ್‌ಟಾಪ್ ತೆರೆ ಮತ್ತು ಪ್ರೊಜೆಕ್ಟರ್ ಎರಡಕ್ಕೂ ಒಂದೇ ಚಿತ್ರ ಹೋಗುವಂತೆ ಇಟ್ಟರೆ ಕಾಲಮಾನ ಲ್ಯಾಪ್‌ಟಾಪ್ ತೆರೆಗೆ ಅಂಟಿಕೊಂಡು ಪರದೆಯ ಮೇಲೆ ಚಿತ್ರ ಸೀಳಬಹುದು. ಪ್ರೊಜೆಕ್ಟರ್ ಒಂದನ್ನೇ ಚಾಲೂ ಇಡಿ, ಫ್ರೇಮ್‌ಗಳ ಅಂತರವನ್ನು ಕಡತಕ್ಕೆ ಬರೆಸಿ.

ಸೂಚನೆ ಮತ್ತು ಅಳತೆ

ಅಳೆಯುವುದು ಮೂರು: ಅನುಭವ ಶುರುವಾಗಲು ಹಿಡಿದ ಸಮಯ, ಎಷ್ಟು ಹೊತ್ತು ಇತ್ತು, ಎಷ್ಟು ಗಟ್ಟಿಯಾಗಿತ್ತು. ಅನುಭವ ಇರುವಷ್ಟು ಹೊತ್ತು ಒಂದು ಗುಂಡಿ ಒತ್ತಿ ಹಿಡಿಯಲು ಹೇಳಿದರೆ ಮೊದಲೆರಡೂ ಸಿಗುತ್ತವೆ. ಕೀಬೋರ್ಡ್‌ನ ಮಿಲಿಸೆಕೆಂಡು ತಡವನ್ನು ಚಿಂತಿಸಬೇಡಿ. ಇಲ್ಲಿ ಕೆಲವರಿಗೆ 3–4 ಸೆಕೆಂಡು ಹಿಡಿದರೆ ಕೆಲವರಿಗೆ 20 ದಾಟುತ್ತದೆ. ಈ ತಡ ಯಾಕೆಂಬುದಕ್ಕೆ ಸಾಮಾನ್ಯ ವಿವರಣೆ ಹೀಗೆ: ಹೊರಡುವಾಗ ಇರಬೇಕಾದ ವೇಗವರ್ಧನೆ ಒಳಕಿವಿಗೆ ಸಿಕ್ಕಿಲ್ಲ, ಅದು ತಕರಾರು ಮಾಡುತ್ತದೆ, ಸಮವೇಗದ ಚಲನೆಯಲ್ಲಿ ಒಳಕಿವಿ ಹೇಗೂ ಮೌನವಾದ್ದರಿಂದ ಸ್ವಲ್ಪ ಹೊತ್ತಿನಲ್ಲಿ ಕಣ್ಣಿನ ಮಾತು ಗೆಲ್ಲುತ್ತದೆ.

ಗಟ್ಟಿತನಕ್ಕೆ ಅಂಕ ಕೇಳುವ ಮುಂಚೆ ಒಂದು ಮಾನದಂಡ ತೋರಿಸಬೇಕು. ಪೂರ್ತಿ ಪರದೆಯ ಹರಿವನ್ನು 60 ಸೆಕೆಂಡು ತೋರಿಸಿ, ‘ಇದಕ್ಕೆ 50 ಎಂದುಕೊಳ್ಳಿ, ಇದರ ಅರ್ಧದಷ್ಟು ಅನ್ನಿಸಿದರೆ 25, ಏನೂ ಅನ್ನಿಸದಿದ್ದರೆ 0’ ಎನ್ನಿ. ಈ ಹಂತದಲ್ಲೇ ಏನೂ ಅನ್ನಿಸದವರಿಗೆ ಮಾನದಂಡವೇ ಇರುವುದಿಲ್ಲ. ಅಂಥವರನ್ನು ಏನು ಮಾಡುವಿರೆಂದು ಪ್ರಯೋಗ ಶುರುವಾಗುವ ಮುಂಚೆ ಬರೆದಿಟ್ಟುಕೊಳ್ಳಿ.

ಸೂಚನೆಯನ್ನು ಬಾಯಿಗೆ ಬಂದಂತೆ ಹೇಳದೆ ಓದಿ ಹೇಳಿ. ಕನ್ನಡದಲ್ಲಿ ಹೀಗಿರಬಹುದು: ‘ಕೆಲವು ಸಲ ಚುಕ್ಕಿಗಳು ಚಲಿಸುತ್ತಿವೆ, ನೀವು ಕೂತೇ ಇದ್ದೀರಿ ಅನ್ನಿಸಬಹುದು. ಕೆಲವು ಸಲ ನೀವೇ ಪಕ್ಕಕ್ಕೆ ಸರಿಯುತ್ತಿದ್ದೀರಿ ಅನ್ನಿಸಬಹುದು. ಎರಡೂ ಒಟ್ಟಿಗೆ ಅನ್ನಿಸಬಹುದು. ನೀವು ಸರಿಯುತ್ತಿರುವಂತೆ ಸ್ವಲ್ಪವಾದರೂ ಅನ್ನಿಸಿದರೆ ಗುಂಡಿ ಒತ್ತಿ ಹಿಡಿಯಿರಿ, ನಿಂತರೆ ಬಿಡಿ. ಸರಿ ಉತ್ತರ ಎಂಬುದಿಲ್ಲ.’ ‘ಈಗ ನಿಮಗೆ ಚಲಿಸಿದಂತೆ ಅನ್ನಿಸುತ್ತದೆ ನೋಡಿ’ ಎಂದುಬಿಟ್ಟರೆ ವಿದ್ಯಾರ್ಥಿಗಳು ಮೇಷ್ಟರ ಮನಸ್ಸು ನೋಯಿಸಲಾರದೆ ಒತ್ತಿಯೇ ಒತ್ತುತ್ತಾರೆ. ಇದಕ್ಕೆ ಕಾವಲು ಎಂದರೆ ಚುಕ್ಕಿಗಳು ಕದಲದ ಸುತ್ತುಗಳು (ಒಂದು ಸಲ ತೋರಿಸುವುದೇ ಒಂದು ಸುತ್ತು). ಅವುಗಳಲ್ಲೂ ಗುಂಡಿ ಒತ್ತುವವರ ದತ್ತಾಂಶ ನಂಬಲು ಬರುವುದಿಲ್ಲ.

ನಾಲ್ಕು ಸ್ಥಿತಿಗಳು (ಪೂರ್ತಿ, ವೃತ್ತ, ಉಂಗುರ, ನಿಶ್ಚಲ), ಪ್ರತಿಯೊಂದೂ ನಾಲ್ಕು ಸಲ. ಹರಿವು ಇರುವವುಗಳಲ್ಲಿ ಎರಡು ಎಡಕ್ಕೆ, ಎರಡು ಬಲಕ್ಕೆ. ಸುತ್ತು 40 ಸೆಕೆಂಡು, ನಡುವೆ 30 ಸೆಕೆಂಡು ಖಾಲಿ ಪರದೆ. ಒಟ್ಟು ಸುಮಾರು 19 ನಿಮಿಷ. ನಡುವಿನ ಬಿಡುವನ್ನು ಕಡಿತ ಮಾಡುವ ಆಸೆ ಬೇಡ: ಹಿಂದಿನ ಸುತ್ತಿನ ಚಲನೆಯ ಉಳಿಕೆ ಮುಂದಿನದಕ್ಕೆ ಬೆರೆಯುತ್ತದೆ. ಒಂದೇ ದಿಕ್ಕಿನ ಸುತ್ತುಗಳನ್ನು ಸಾಲಾಗಿ ಇಡಬೇಡಿ. ಸ್ಥಿತಿಗಳ ಅನುಕ್ರಮಕ್ಕೆ ಲ್ಯಾಟಿನ್ ಚೌಕ (ಪ್ರತಿ ಸ್ಥಿತಿಯೂ ಪ್ರತಿ ಸರದಿಯಲ್ಲಿ ಒಮ್ಮೆ ಬರುವಂಥ ಜೋಡಣೆ) ಬಳಸಿ.

ಹೊಟ್ಟೆ ತೊಳಸಿದರೆ

ಕೆಲವರಿಗೆ ಹೊಟ್ಟೆ ತೊಳಸುತ್ತದೆ, ತಲೆ ತಿರುಗುತ್ತದೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಲಿಖಿತ ಸಮ್ಮತಿ ಮೊದಲೇ ಆಗಿರಬೇಕು. ಅಪಸ್ಮಾರ, ಮೈಗ್ರೇನ್, ಒಳಕಿವಿಯ ತೊಂದರೆ ಇರುವವರನ್ನೂ ಗರ್ಭಿಣಿಯರನ್ನೂ ಕೂರಿಸಬೇಡಿ. ಕೆನಡಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಿಮ್ಯುಲೇಟರ್ ಅಸ್ವಸ್ಥತೆಯ ಪ್ರಶ್ನಾವಳಿಯನ್ನು ಮುಂಚೆಯೂ ನಂತರವೂ ತುಂಬಿಸಿ: 16 ಲಕ್ಷಣಗಳು, ಪ್ರತಿಯೊಂದಕ್ಕೂ 0ರಿಂದ 3. ವಾಕರಿಕೆಗೆ ಯಾವುದೇ ಹಂತದಲ್ಲಿ 2 ಎಂದರೆ ಅಲ್ಲಿಗೇ ನಿಲ್ಲಿಸಿ, ಮರುಮಾತಿಲ್ಲದೆ. ಮುಗಿದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿಕೊಳ್ಳಿ, ಕೂಡಲೇ ಸ್ಕೂಟರ್ ಹತ್ತಲು ಬಿಡಬೇಡಿ.

ಲೆಕ್ಕ ಹಾಕುವಾಗ

ಗುಂಡಿ ಒತ್ತದ ಸುತ್ತುಗಳು ಖಂಡಿತ ಇರುತ್ತವೆ. ಅವುಗಳ ಶುರುವಿನ ಸಮಯಕ್ಕೆ 0 ಹಾಕಿದರೆ ಅನುಭವವೇ ಬಾರದ್ದು ಅತಿ ಬೇಗ ಬಂದದ್ದಾಗುತ್ತದೆ. ಖಾಲಿ ಬಿಟ್ಟರೆ ದುರ್ಬಲ ಸ್ಥಿತಿಯ ಕೆಟ್ಟ ಸುತ್ತುಗಳೆಲ್ಲ ಮಾಯವಾಗಿ ಅದೇ ಚೆನ್ನಾಗಿದ್ದಂತೆ ತೋರುತ್ತದೆ. ಅವನ್ನು ‘40 ಸೆಕೆಂಡಿನೊಳಗೆ ಬರಲಿಲ್ಲ’ ಎಂದೇ ದಾಖಲಿಸಿ, ಇಂಥ ಅಪೂರ್ಣ ಸಮಯಗಳಿಗೆಂದೇ ಇರುವ ಬದುಕುಳಿಕೆ ವಿಶ್ಲೇಷಣೆಗೆ ಕೊಡಿ. ವಿಶ್ಲೇಷಣೆಯಲ್ಲಿ ಒಬ್ಬರ ಸುತ್ತುಗಳನ್ನೆಲ್ಲ ಒಂದು ಗುಂಪಾಗಿ ಸೂಚಿಸುವುದನ್ನು ಮರೆಯಬೇಡಿ, ಏಕೆಂದರೆ ಜನರ ನಡುವಿನ ವ್ಯತ್ಯಾಸ ಸ್ಥಿತಿಗಳ ನಡುವಿನದಕ್ಕಿಂತ ದೊಡ್ಡದಿರುವುದು ಮಾಮೂಲು. ಅವಧಿಗೂ ಅಂಕಕ್ಕೂ ಮಾತ್ರ 0 ನಿಜವಾದ ಬೆಲೆ, ಹಾಗೇ ಇಡಿ. ಶೇ. 1ಕ್ಕಿಂತ ಹೆಚ್ಚು ಫ್ರೇಮ್ ತಪ್ಪಿದ ಸುತ್ತುಗಳನ್ನು, ಉತ್ತರ ಏನಿದೆಯೆಂದು ನೋಡುವ ಮುಂಚೆಯೇ ತೆಗೆದುಹಾಕಿ.