ನಾಯಿಯ ಹಲ್ಲು ಉಜ್ಜುವುದು ಹೇಗೆ?

ಮೂಳೆ ಕಡಿಯುವ ಪ್ರಾಣಿಗೆ ಬ್ರಷ್ ಯಾಕೆ ಎಂದು ಕೇಳುವವರೇ ಹೆಚ್ಚು. ತೋಳ ಬೇಟೆಯ ಚರ್ಮ, ಮಾಂಸ ಹರಿದು ತಿನ್ನುವಾಗ ಹಲ್ಲು ಒಂದಿಷ್ಟು ಉಜ್ಜಿಹೋಗುತ್ತದೆ, ನಿಜ. ಮನೆಯ ನಾಯಿ ತಿನ್ನುವುದು ಮೆತ್ತಗಿನ ಊಟ. ನಮಗೆ ಹುಳುಕು ಹಿಡಿಸುವುದು ಪದೇ ಪದೇ ಬಾಯಿಗೆ ಹಾಕುವ ಸಿಹಿ. ಒಂದೊಂದು ಸಲಕ್ಕೂ ಬಾಯಲ್ಲಿ ಹುಟ್ಟುವ ಆಮ್ಲ ತಗ್ಗಲು ಅರ್ಧ ಗಂಟೆಯಾದರೂ ಬೇಕು. ನಾಯಿಯ ಜೊಲ್ಲು ಹೆಚ್ಚು ಕ್ಷಾರೀಯ, ಅದಕ್ಕೆ ಹುಳುಕು ಕಡಿಮೆ. ಅದನ್ನು ಕಾಡುವುದು ವಸಡಿನ ರೋಗ. ಹಲ್ಲಿಗೆ ಅಂಟಿದ ಲೋಳೆ ಕೆಲವೇ ದಿನಗಳಲ್ಲಿ ಕಿಟ್ಟವಾಗಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ಹಾಗಾಗಿ ದಿನಕ್ಕೊಮ್ಮೆ ಉಜ್ಜಿ.

1. ಮೆತ್ತನೆಯ ಬ್ರಷ್, ನಾಯಿಗೆಂದೇ ಮಾಡಿದ ಪೇಸ್ಟ್ ತನ್ನಿ. ನಮ್ಮ ಪೇಸ್ಟ್ ಬೇಡವೇ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ; ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಝೈಲಿಟಾಲ್ ಅದಕ್ಕೆ ವಿಷ.

2. ಬಹಳ ಜನ ಕೆಡಿಸುವುದು ಇಲ್ಲೇ. ಮೊದಲ ದಿನವೇ ನಾಯಿಯನ್ನು ಅಮುಕಿ ಹಿಡಿದು, ಬಾಯಿ ಅಗಲಿಸಿ, ಬ್ರಷ್ ತುರುಕುತ್ತಾರೆ. ಆಮೇಲೆ ಬ್ರಷ್ ಕಂಡರೇ ಅದು ಮಂಚದಡಿ ಸೇರುತ್ತದೆ. ಬಾಯಿ ತೆರೆಸುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ಕೂತು, ಬೆರಳಿಗೆ ಪೇಸ್ಟ್ ಹಚ್ಚಿ ನೆಕ್ಕಲು ಬಿಡಿ. ಕೆಲವು ದಿನ ಇಷ್ಟೇ ಸಾಕು. ನಂತರ ತುಟಿಯನ್ನು ಮೆಲ್ಲಗೆ ಮೇಲೆತ್ತಿ ಬೆರಳಿನಿಂದಲೇ ಹಲ್ಲು, ವಸಡು ಸವರಿ. ಮುಖ ತಿರುಗಿಸಿಕೊಂಡರೆ ಅಂದಿಗೆ ಬಿಟ್ಟುಬಿಡಿ. ಬೆರಳಿಗೆ ಒಗ್ಗಿದ ಮೇಲೆಯೇ ಬ್ರಷ್. ಎರಡು ವಾರ ಹಿಡಿದರೂ ಅವಸರ ಮಾಡಬೇಡಿ.

3. ಕೋರೆಹಲ್ಲಿನಿಂದ ಹಿಂದಕ್ಕೆ ಸಾಗಿ. ಬ್ರಷ್ಷನ್ನು ಓರೆಯಾಗಿ, ವಸಡು ಹಲ್ಲಿಗೆ ಕೂಡುವ ಗೆರೆಗೆ ತಾಗಿಸಿ, ಸಣ್ಣ ಸುತ್ತುಗಳಲ್ಲಿ ಉಜ್ಜಿ. ಮೇಲಿನ ಸಾಲಿನ ದೊಡ್ಡ ಹಿಂಬದಿ ಹಲ್ಲುಗಳ ಹೊರಮೈಯನ್ನು ಮರೆಯಬೇಡಿ: ಅಲ್ಲೇ ಜೊಲ್ಲಿನ ನಾಳ ತೆರೆಯುವುದು, ಕಿಟ್ಟ ಬೇಗ ಕಟ್ಟುವುದೂ ಅಲ್ಲೇ. ಒಳಬದಿಯನ್ನು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ.

4. ಮುಗಿದ ಮೇಲೆ ಬೆನ್ನು ಸವರಿ ಹೊಗಳಿ.

ಕಡಿಯಲು ಕೊಡುವ ವಸ್ತುವನ್ನು ಮೊದಲು ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ ಕೊಡಬೇಡಿ. ಜಿಂಕೆ ಕೊಂಬು, ಗೊರಸು, ಒಣಮೂಳೆಗಳು ಹಲ್ಲನ್ನೇ ಸೀಳುತ್ತವೆ. ಬೇಯಿಸಿದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ನೀರಿಗೆ ಹಾಕುವ ದ್ರವ, ಉದುರಿಸುವ ಪುಡಿಗಳನ್ನು ನಂಬಿ ಬ್ರಷ್ ಬಿಡಬೇಡಿ.

ಬಾಯಿ ನಾರುತ್ತಿದ್ದರೆ, ಒಂದೇ ಬದಿಯಲ್ಲಿ ಅಗಿಯುತ್ತಿದ್ದರೆ, ಉಜ್ಜುವುದನ್ನು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಿ. ಅರಿವಳಿಕೆ ಇಲ್ಲದೆ ಕಿಟ್ಟ ಕೆರೆದು ಹಲ್ಲು ಬೆಳ್ಳಗೆ ಮಾಡಿಕೊಡುವವರ ಬಳಿ ಹೋಗಬೇಡಿ. ರೋಗ ಇರುವುದು ವಸಡಿನ ಕೆಳಗೆ, ಅಲ್ಲಿಗೆ ಅವರ ಕೈ ತಲುಪುವುದೇ ಇಲ್ಲ.