ಚಿಕ್ಕಮ್ಮನ ತಲೆಗೆ ಪರ್ಮ್ ಹಿಡಿಯಿತು

ನನ್ನ ಚಿಕ್ಕಮ್ಮನ ಕೂದಲಿಗೆ ಪರ್ಮ್, ಅಂದರೆ ಲೋಷನ್ ಹಾಕಿ ಕೂರಿಸುವ, ತಿಂಗಳುಗಟ್ಟಲೆ ನಿಲ್ಲುವ ಅಲೆ, ಹಿಡಿಯುವುದಿಲ್ಲ ಎಂದು ಮೂವರು ಹೇಳಿದ್ದರು. ಬೆಂಗಳೂರಿನ ಒಂದು ದೊಡ್ಡ ಸಲೂನಿನವರು ಎರಡು ಬೆರಳಲ್ಲಿ ಎಳೆಯನ್ನು ಉಜ್ಜಿ ನೋಡಿ, "ಎಣ್ಣೆಯನ್ನೂ ಮೆಹೆಂದಿಯನ್ನೂ ಕುಡಿದ ಕೂದಲು ಇದು, ನಾವು ಕೈ ಹಾಕುವುದಿಲ್ಲ" ಎಂದು ಕಳುಹಿಸಿದರು. ಹಿಡಿಯುವ ಕೂದಲಾಗಿದ್ದರೆ ಏಳು ಸಾವಿರ ಆಗುತ್ತಿತ್ತಂತೆ. ನನಗೆ ಕೆಲಸ ಕಲಿಸಿದ ಮೇಡಂ ಫೋನಿನಲ್ಲೇ ಬೇಡ ಎಂದರು. ಮೂರನೆಯವರು ನನ್ನ ಅಮ್ಮ. ಆದರೂ ನಾನು ಹಾಕಿದೆ. ಈಗ ಐದು ತಿಂಗಳು ಕಳೆದಿದೆ, ಅಲೆ ಹಾಗೆಯೇ ನಿಂತಿದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ನನ್ನದು ಒಂದೇ ಕುರ್ಚಿಯ ಪಾರ್ಲರ್, ಹನ್ನೊಂದು ವರ್ಷವಾಯಿತು. ಹುಬ್ಬು, ಫೇಷಿಯಲ್, ಮದುವಣಗಿತ್ತಿಯರ ಅಲಂಕಾರ, ಇವುಗಳಿಂದ ಅಂಗಡಿ ನಡೆಯುತ್ತದೆ. ಪರ್ಮ್ ಕೇಳಿಕೊಂಡು ಬರುವವರು ವರ್ಷಕ್ಕೆ ಇಬ್ಬರೋ ಮೂವರೋ. ಈಗ ಎಲ್ಲರಿಗೂ ನೇರ ಕೂದಲೇ ಬೇಕು. ಚಿಕ್ಕಮ್ಮನಿಗೆ ಬೇಕಾಗಿದ್ದು ಗುಂಗುರೂ ಅಲ್ಲ, ಫ್ಯಾಷನ್ನೂ ಅಲ್ಲ. ಅವರಿಗೆ ಐವತ್ತೇಳು ವರ್ಷ. ಕೂದಲು ತೆಳುವಾಗುತ್ತಾ ಬಂದು, ತುರುಬು ಕಟ್ಟಿದರೆ ನಿಂಬೆಹಣ್ಣಿನಷ್ಟೇ ನಿಲ್ಲುತ್ತಿತ್ತು. ಚೌರಿ ಸೇರಿಸಿ ಹೆಣೆಯುತ್ತಿದ್ದರು, ಆದರೆ ನೆತ್ತಿಗೆ ಚೌರಿ ಹಾಕಲಾಗುವುದಿಲ್ಲವಲ್ಲ. ಮಾಘದಲ್ಲಿ ಮಗಳ ಮದುವೆ. "ಫೋಟೋದಲ್ಲಿ ಬುರುಡೆ ಕಾಣದಂತೆ ಏನಾದರೂ ಮಾಡಮ್ಮ" ಎಂದು ಒಂದು ದಿನ ತುಂಬ ಮೆಲ್ಲಗೆ ಕೇಳಿದರು. ಆ ಮಾತು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮೊದಲ ಸಲ ಮಾಡಿದ್ದು ಯುಗಾದಿ ಮುಗಿದ ಮರುವಾರ. ಎರಡು ಸಲ ಶಾಂಪೂ ಹಾಕಿ ತೊಳೆದೆ. ಕೂದಲು ಸುತ್ತಲೆಂದೇ ಇರುವ, ನನ್ನ ಸೆಟ್ಟಿನ ನೀಲಿ ರಾಡ್‌ಗಳಿಗೆ ಸುತ್ತಿ, ಸಾಮಾನ್ಯ ಕೂದಲಿನ ಲೋಷನ್ ಹಾಕಿ ಇಪ್ಪತ್ತು ನಿಮಿಷ ಬಿಟ್ಟೆ. ರಾಡ್ ಬಿಚ್ಚಿದಾಗ ಚೆನ್ನಾಗಿಯೇ ಇತ್ತು. ಒಂಬತ್ತನೆಯ ದಿನಕ್ಕೆ ತುದಿ ಬಿಟ್ಟು ಉಳಿದದ್ದೆಲ್ಲ ಇಳಿದುಹೋಯಿತು. ಕಿಟ್‌ಗೆ ಕೊಟ್ಟ ಒಂಬೈನೂರು ಚಿಲ್ಲರೆ ನೀರಿಗೆ ಹೋಯಿತು. ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲ. ಬಸವ ಜಯಂತಿಯ ದಿನ ಮತ್ತೆ ಚೌರಿ ಕಟ್ಟಿಕೊಂಡು ಬಂದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮೊದಲ ಸಲ ಲೋಷನ್ ಹಾಕಿದ ದಿನವೇ ಒಂದು ಸುಳಿವು ಸಿಕ್ಕಿತ್ತು, ನಾನು ಅದನ್ನು ಹಿಡಿಯಲಿಲ್ಲ. ಹಣೆಯ ಸುತ್ತ ಇಟ್ಟಿದ್ದ ಹತ್ತಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಬ್ಬಿಣದ ಕ್ಲಿಪ್ಪಿಗೆ ಲೋಷನ್ ತಗುಲಿದರೆ ಹಾಗಾಗುವುದು ನಮಗೆಲ್ಲ ಗೊತ್ತಿರುವುದೇ. ಕ್ಲಿಪ್ಪಿನದೇ ತಪ್ಪು ಎಂದುಕೊಂಡು ಪ್ಲಾಸ್ಟಿಕ್ ಕ್ಲಿಪ್ ತಂದೆ.

ಎರಡನೆಯ ಸಲ ಶ್ರಾವಣದಲ್ಲಿ. ಹಿಡಿಯದಿದ್ದರೆ ಲೋಷನ್ ಗಟ್ಟಿಯಾಗಬೇಕು, ಹೊತ್ತು ಹೆಚ್ಚಾಗಬೇಕು ಎನ್ನುವುದು ನಾವೆಲ್ಲ ಮಾಡುವ ಲೆಕ್ಕ. ಪುಣ್ಯಕ್ಕೆ ಇಡೀ ತಲೆಗೆ ಹಾಕದೆ ಕುತ್ತಿಗೆಯ ಮೇಲಿನ ಎಂಟು ರಾಡ್‌ಗಳಷ್ಟು ಕೂದಲಿಗೆ ಮಾತ್ರ ಹಾಕಿದೆ. ಗಟ್ಟಿ ಕೂದಲಿನ ಲೋಷನ್, ಮೂವತ್ತೈದು ನಿಮಿಷ. ಒದ್ದೆ ಇದ್ದಾಗ ಚೆಂದದ ಸುರುಳಿ, ಒಣಗಿದ ಮೇಲೆ ತೆಂಗಿನ ನಾರು. ಆ ಭಾಗವನ್ನು ಕತ್ತರಿಸಲೇಬೇಕಾಯಿತು. ತೆಳು ಕೂದಲಿನವರ ತಲೆಯಿಂದ ಒಂದು ಹಿಡಿ ಕತ್ತರಿಸಿದ ಆ ಸಂಜೆಯನ್ನು ನಾನು ಮರೆಯುವುದಿಲ್ಲ.

"ಮನೆಯವರ ತಲೆಯ ಮೇಲೆ ಯಾರಾದರೂ ಪ್ರಯೋಗ ಮಾಡುತ್ತಾರೇನೇ?" ಎಂದು ಅಮ್ಮ ಬೈದರು. ಪರ್ಮ್ ಶುರುವಾದದ್ದೇ ಹಾಗೆ ಎಂದು ಹೇಳಿದೆ. ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕೇಶಶಿಲ್ಪಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾದ ಹಿತ್ತಾಳೆಯ ರಾಡ್‌ಗಳಿಂದ ಇದನ್ನು ಕಂಡುಹಿಡಿಯುವಾಗ ಮೊದಲು ಕೂರಿಸಿಕೊಂಡದ್ದು ತನ್ನ ಹೆಂಡತಿಯನ್ನೇ. ಮೊದಲೆರಡು ಸಲ ಅವರ ಕೂದಲು ಸುಟ್ಟುಹೋಯಿತು ಎಂದು ಓದಿದ್ದೇನೆ. ಅವನು ಕೂದಲಿಗೆ ಹಚ್ಚುತ್ತಿದ್ದುದು ಹಸುವಿನ ಗಂಜಲ ಬೆರೆಸಿದ ನೀರಂತೆ. ಅಮ್ಮನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಆದರೆ ಆ ಹೆಂಗಸಿನ ಸಹನೆಯನ್ನು ಓದಿದ ಮೇಲೆ ನಾನು ಒಂದು ನಿರ್ಧಾರಕ್ಕೆ ಬಂದೆ: ಇನ್ನು ಖಚಿತವಾಗುವವರೆಗೆ ಚಿಕ್ಕಮ್ಮನ ತಲೆ ಮುಟ್ಟುವುದಿಲ್ಲ.

ತಲೆ ಮುಟ್ಟದೆ ಪರೀಕ್ಷಿಸಲು ದಾರಿ ಸಿಕ್ಕಿದ್ದು ಅವರ ಹಿತ್ತಲ ಬಾಗಿಲ ಸಂದಿನಲ್ಲಿ. ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಕೂದಲಿಗೆ ಪಾತ್ರೆ ಕೊಡುವವನು ಬಂದಾಗ ಹಾಕುತ್ತಾರೆ. ಸುಮಾರು ಎರಡು ವರ್ಷದ ಕೂದಲು ಆ ಚೀಲದಲ್ಲಿತ್ತು. ಬಿಡಿಸಿ, ದಾರದಲ್ಲಿ ಕಟ್ಟಿ ಸಣ್ಣ ಸಣ್ಣ ಕುಚ್ಚು ಮಾಡಿಕೊಂಡೆ. ಮೂವತ್ತಕ್ಕೂ ಹೆಚ್ಚು ಕುಚ್ಚುಗಳಾದವು.

ಮೊದಲನೆಯ ಕುಚ್ಚಿಗೆ ಗಾಜಿನ ಬಟ್ಟಲಲ್ಲಿ ಲೋಷನ್ ಹಾಕಿದಾಗಲೇ ನೇರಳೆ ಬಣ್ಣ ಬಿಟ್ಟಿತು. ಅಲ್ಲಿ ಕ್ಲಿಪ್ ಇರಲಿಲ್ಲ, ಕಬ್ಬಿಣದ ಚೂರೂ ಇರಲಿಲ್ಲ. ಕಬ್ಬಿಣ ಇದ್ದದ್ದು ಕೂದಲಿನಲ್ಲೇ. ಚಿಕ್ಕಮ್ಮ ಮೆಹೆಂದಿ ನೆನೆಸುವುದು ಹಳೆಯ ಕಬ್ಬಿಣದ ಬಾಣಲೆಯಲ್ಲಿ, ಟೀ ಕಷಾಯ ಹಾಕಿ, ರಾತ್ರಿಯಿಡೀ. ಬಣ್ಣ ಕಪ್ಪಾಗಲಿ ಎಂದು ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ ಹಾಗೆ ಮಾಡುತ್ತಿದ್ದರು. ಸಾಲದ್ದಕ್ಕೆ ಅವರ ತೋಟದ ಮನೆಯಲ್ಲಿ ತಲೆಗೂ ಬೋರ್‌ವೆಲ್ ನೀರೇ. ಬಿಂದಿಗೆಯ ತಳದಲ್ಲಿ ಬಿಳಿಯ ಪದರ, ಬಚ್ಚಲ ಗೋಡೆಯ ಮೇಲೆ ಕೆಂಪು ಗೆರೆ. ಅದೇ ಬೋರಿನ ನೀರು ಬಳಸುವ, ಮೆಹೆಂದಿ ಹಚ್ಚದ ಪಕ್ಕದ ಮನೆಯವರ ಕೂದಲನ್ನು ಕೇಳಿ ತಂದೆ. ತೆಳು ಗುಲಾಬಿ ಬಣ್ಣ ಬಂತು. ಪಟ್ಟಣದ ನಲ್ಲಿ ನೀರು ಬಳಸುವ ನನ್ನ ಕೂದಲಿಗೆ ಹೆಚ್ಚುಕಡಿಮೆ ಏನೂ ಬರಲಿಲ್ಲ. ಅಲ್ಲಿಗೆ ನನಗೆ ಅರ್ಥವಾಯಿತು. ಲೋಷನ್ ಕೂದಲಿನ ಒಳಗೆ ಹೋಗುವ ಮೊದಲೇ ಕಬ್ಬಿಣದ ಮೇಲೂ ಎಣ್ಣೆಯ ಮೇಲೂ ಖರ್ಚಾಗುತ್ತಿತ್ತು. ಹಿಡಿಯದೇ ಇದ್ದದ್ದು ಕೂದಲಲ್ಲ, ಅದರ ಮೇಲೆ ಕೂತಿದ್ದ ಪದರ.

ಪರ್ಮಿಗೆ ಆಗದ ಲೋಹದ ಲವಣ ಕೂದಲಿನಲ್ಲಿ ಇದೆಯೇ ಎಂದು ತಿಳಿಯಲು, ಇಪ್ಪತ್ತು ವಾಲ್ಯೂಮ್ (ಶೇಕಡಾ ಆರರ) ಪೆರಾಕ್ಸೈಡಿಗೆ ಸ್ವಲ್ಪ ಲೋಷನ್ ಬೆರೆಸಿ ಒಂದು ಕುಚ್ಚನ್ನು ಅರ್ಧ ಗಂಟೆ ಮುಳುಗಿಸುವ ಪರೀಕ್ಷೆಯನ್ನೂ ಮಾಡಿದೆ. ಬಿಸಿಯಾಗಲಿಲ್ಲ, ನೊರೆಯೂ ಏಳಲಿಲ್ಲ. ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಪೊಟ್ಟಣದ ಕಪ್ಪು ಮೆಹೆಂದಿ ಹಚ್ಚಿದ ತಲೆಗೆ ಈ ಪರೀಕ್ಷೆ ಮಾಡದೆ ಲೋಷನ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅರ್ಧ ಗಂಟೆಯ ಕೆಲಸ, ಹತ್ತು ರೂಪಾಯಿ ಖರ್ಚಿಲ್ಲ.

ಆಮೇಲೆ ಪದರ ತೆಗೆಯುವ ಕೆಲಸ. ಗೌರಿ ಹಬ್ಬದಿಂದ ಮೆಹೆಂದಿ ಪೂರ್ತಿ ಬಂದ್. ಎಣ್ಣೆ ಬಿಡಿಸುವುದು ಅದಕ್ಕಿಂತ ಕಷ್ಟವಾಯಿತು. ಕೊಬ್ಬರಿಯ ಊರಿನಲ್ಲಿ ಹುಟ್ಟಿ, ಗಾಣದ ಎಣ್ಣೆ ಹಚ್ಚದೆ ಒಂದು ದಿನವೂ ಹೊರಗೆ ಕಾಲಿಡದ ಹೆಂಗಸು. "ತಲೆ ಉರಿಯುತ್ತದಮ್ಮ" ಎಂದು ಮೂರನೆಯ ದಿನವೇ ಫೋನ್ ಮಾಡಿದರು. ಕೊನೆಗೆ ವಾರಕ್ಕೊಮ್ಮೆ, ತೊಳೆಯುವ ಹಿಂದಿನ ರಾತ್ರಿ, ಬುಡಕ್ಕೆ ಮಾತ್ರ ಎರಡು ಚಮಚ ಎಂದು ಒಪ್ಪಂದವಾಯಿತು. ಪ್ರತಿ ಶುಕ್ರವಾರ ಅಂಟುವಾಳದ ನೀರಿನಲ್ಲಿ ತೊಳೆದು, ಆಮೇಲೆ ಸಿಟ್ರಿಕ್ ಆಮ್ಲದ ನೀರು. ಎಷ್ಟಕ್ಕೆ ಎಷ್ಟು, ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕಾಗಿ ಇಪ್ಪತ್ತು ಕುಚ್ಚು ಕಳೆದುಕೊಂಡಿದ್ದೇನೆ, ನೀವೂ ನಿಮ್ಮ ಊರಿನ ನೀರಿಗೆ ತಕ್ಕಂತೆ ನೋಡಿಕೊಳ್ಳಿ. ಇಷ್ಟು ಮಾತ್ರ ಹೇಳುತ್ತೇನೆ: ಹುಳಿ ಕೂದಲಿನಲ್ಲಿ ಉಳಿದರೆ ಲೋಷನ್ನಿನ ಕ್ಷಾರ ತಗ್ಗುತ್ತದೆ. ನನ್ನ ಎರಡು ಕುಚ್ಚು ಹಾಗೆಯೇ ಸಪ್ಪೆಯಾದವು. ಚೆನ್ನಾಗಿ ತೊಳೆಯಲೇಬೇಕು, ಅದೂ ಬೋರ್ ನೀರಿನಲ್ಲಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದೆ. ಕೊನೆಯ ತೊಳೆತಕ್ಕೆಲ್ಲ ಅದೇ ನೀರು. ಕುಡಿಯುವ ನೀರನ್ನು ತಲೆಗೆ ಸುರಿಯುತ್ತೀಯಾ ಎಂದು ಚಿಕ್ಕಪ್ಪ ಕೇಳಿದರು. ಹೌದು ಎಂದೆ.

ನಾಲ್ಕು ತಿಂಗಳು ಹೀಗೆ ನಡೆಯಿತು. ಬೈತಲೆಯ ಎರಡೂ ಕಡೆ ಎರಡಂಗುಲ ಬಿಳಿ ಕೂದಲು ಬಂತು. ನೆಂಟರ ಮನೆಗೆ ಹೋದಾಗಲೆಲ್ಲ ಸೆರಗು ಹೊದ್ದು ಕೂರುತ್ತಿದ್ದರು, ಆದರೂ ಒಮ್ಮೆಯೂ ಮೆಹೆಂದಿ ಬೇಕೆನ್ನಲಿಲ್ಲ. ಈ ಪರ್ಮಿನ ಅರ್ಧ ಕೀರ್ತಿ ಅವರದು. ಡಿಸೆಂಬರ್ ಕೊನೆಗೆ ಉದುರಿದ ಕೂದಲನ್ನು ಪರೀಕ್ಷಿಸಿದಾಗ ನೇರಳೆ ಹೋಗಿ ಕಂಡೂ ಕಾಣದ ಗುಲಾಬಿ ಉಳಿದಿತ್ತು. ತುದಿಯಲ್ಲಿ ಮೂರಂಗುಲ ಕತ್ತರಿಸಿದೆ. ಹಳೆಯ ಸುರುಳಿ ಬಹುಪಾಲು ಅಲ್ಲಿಗೇ ಹೋಯಿತು.

ನಡುವೆ ರಾಡ್‌ಗಳ ಪ್ರಯೋಗವೂ ನಡೆದಿತ್ತು. ನೆತ್ತಿಗೆ ದಪ್ಪ ರಾಡ್ ಬೇಕಿತ್ತು. ತೆಳು ಕೂದಲಿಗೆ ಸಣ್ಣ ರಾಡ್ ಹಾಕಿದರೆ ಸುರುಳಿ ಬಿಗಿಯಾಗಿ ಬುರುಡೆ ಇನ್ನೂ ಹೆಚ್ಚು ಕಾಣುತ್ತದೆ. ಪೇಟೆಯಲ್ಲಿ ಸಿಕ್ಕಿದ ದಪ್ಪ ರಾಡ್‌ಗಳ ಬೆಲೆ ಕೇಳಿ ಸುಮ್ಮನಾದೆ. ಮನೆಯ ವೈರಿಂಗಿಗೆ ಹಾಕುವ ಮುಕ್ಕಾಲು ಅಂಗುಲದ ಪಿವಿಸಿ ಪೈಪ್ ಒಂದು ಉದ್ದ ತಂದು, ಮೂರಂಗುಲದ ತುಂಡು ಮಾಡಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿದೆ. ಎಪ್ಪತ್ತೋ ಎಂಬತ್ತೋ ರೂಪಾಯಿಗೆ ಮೂವತ್ತಕ್ಕೂ ಹೆಚ್ಚು ರಾಡ್. ಕೂದಲು ಅದರ ಮೇಲೆ ಜಾರುತ್ತದೆ ಎಂದು ನೀವು ಹೇಳುತ್ತೀರಿ. ಜಾರದಂತೆ ಏನು ಸುತ್ತಿದೆ ಎನ್ನುವುದು ನನ್ನಲ್ಲೇ ಇರಲಿ. ಕೂದಲಿನ ತುದಿಗೆ ಸುತ್ತುವ ತೆಳು ಕಾಗದ, ಅಂದರೆ ಎಂಡ್ ಪೇಪರಿನ ಬದಲು ಬಟರ್ ಪೇಪರ್ ಹಾಕಿ ನೋಡಿದೆ, ಲೋಷನ್ ಒಳಗಿಳಿಯಲಿಲ್ಲ. ಟಿಶ್ಯೂ ಹರಿಯಿತು. ಎಂಡ್ ಪೇಪರಿನಲ್ಲಿ ಉಳಿತಾಯ ಮಾಡಬೇಡಿ.

ಜನವರಿಯ ಎರಡನೆಯ ಭಾನುವಾರ ಅವರದೇ ಮನೆಯ ಜಗುಲಿಯಲ್ಲಿ ಕೂರಿಸಿದೆ. ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಎರಡು ದಿನ ಮೊದಲು ಕಿವಿಯ ಹಿಂದೆ ಲೋಷನ್ ಹಚ್ಚಿ ನೋಡಿದ್ದೆ. ಚಳಿಗಾಲ, ಆದ್ದರಿಂದ ಬಿಸಿಲು ಏರುವವರೆಗೆ ಕಾದು ಹನ್ನೊಂದಕ್ಕೆ ಶುರು ಮಾಡಿದೆ. ಬಿಳಿ ಕೂದಲು ಮೊಂಡು, ಅದಕ್ಕೆ ಮುಂದಿನ ಭಾಗವನ್ನೇ ಮೊದಲು ಸುತ್ತಿ ಮೊದಲು ಲೋಷನ್ ಹಾಕಿದೆ. ಒಟ್ಟು ನಲವತ್ತೆಂಟು ರಾಡ್, ಅದರಲ್ಲಿ ಹದಿನೆಂಟು ಪೈಪಿನವು. ಲೋಷನ್ ಸಾಮಾನ್ಯ ಕೂದಲಿನದೇ, ಮೊದಲ ಸಲ ಸೋತದ್ದೇ. ವಾಸನೆಗೆ ಚಿಕ್ಕಮ್ಮ ಕಣ್ಣು ಮುಚ್ಚಿ, "ಕೊಟ್ಟಿಗೆಯಲ್ಲಿ ಕೂತ ಹಾಗಿದೆ" ಎಂದರು. ಎಂಟು ನಿಮಿಷಕ್ಕೆ ಮೊದಲ ರಾಡ್ ಬಿಚ್ಚಿ ನೋಡಿದೆ, ಆಮೇಲೆ ನಾಲ್ಕು ನಾಲ್ಕು ನಿಮಿಷಕ್ಕೆ. ಇಪ್ಪತ್ತನಾಲ್ಕನೆಯ ನಿಮಿಷದ ಹೊತ್ತಿಗೆ ನೆತ್ತಿಯಲ್ಲೂ ಕುತ್ತಿಗೆಯಲ್ಲೂ ಹಾವು ಹರಿದಂತೆ ಅಲೆ ಒಂದೇ ಸಮ ಬಿದ್ದಿತ್ತು. ನನ್ನ ಕೈ ನಡುಗುತ್ತಿತ್ತು.

ರಾಡ್ ಸಮೇತ ಐದಾರು ನಿಮಿಷ ಉಗುರುಬೆಚ್ಚಗಿನ ಘಟಕದ ನೀರು. ಆಮೇಲೆ ಹತ್ತು ನಿಮಿಷ ಒಂದೊಂದೇ ರಾಡನ್ನು ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆದೆವು, ನಾನು ಒಂದು ಕಡೆ, ಮದುವೆಯ ಹುಡುಗಿ ಇನ್ನೊಂದು ಕಡೆ. ಇಲ್ಲಿ ಅವಸರಪಟ್ಟರೆ ನ್ಯೂಟ್ರಲೈಸರ್, ಅಂದರೆ ಅಲೆಯನ್ನು ಗಟ್ಟಿಯಾಗಿ ನಿಲ್ಲಿಸುವ ದ್ರಾವಣ, ನೀರಾಗಿ ಎಲ್ಲ ಶ್ರಮ ಹಾಳು. ನ್ಯೂಟ್ರಲೈಸರ್ ಐದು ನಿಮಿಷ, ಎಳೆಯದೆ ರಾಡ್ ಬಿಚ್ಚಿ ಉಳಿದದ್ದನ್ನು ಮತ್ತೆ ಹಾಕಿ ತೊಳೆದೆ. ಮೂರು ದಿನ ನೀರು ತಾಗಿಸಬಾರದು, ಜಡೆ ಹಾಕಬಾರದು ಎಂದು ಕಟ್ಟಪ್ಪಣೆ.

ಒಣಗಿದ ಮೇಲೆ ಕನ್ನಡಿ ಕೊಟ್ಟೆ. ಚಿಕ್ಕಮ್ಮ ನೆತ್ತಿಯ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿದರು, ಕೈ ತೆಗೆದಾಗ ಕೂದಲು ಮತ್ತೆ ಮೇಲೆದ್ದಿತು. ಮೂರು ಸಲ ಹಾಗೆ ಮಾಡಿದರು. ಮದುವೆಯ ಫೋಟೋಗಳಲ್ಲಿ ಬುರುಡೆ ಎಲ್ಲೂ ಕಾಣುವುದಿಲ್ಲ. ತುರುಬು ಮುಷ್ಟಿ ಗಾತ್ರ, ಅದರ ಸುತ್ತ ಒಂದು ಮೊಳ ಮಲ್ಲಿಗೆ ಬಿಗಿಯಾಗಿ ಕೂತಿತ್ತು. ಬೇಡ ಎಂದಿದ್ದ ಮೇಡಂ ಮದುವೆಗೆ ಬಂದವರು ಎರಡು ಸಲ ಮುಟ್ಟಿ ನೋಡಿ, ಯಾವ ಲೋಷನ್ ಎಂದು ಕೇಳಿದರು.

ಖರ್ಚಿನ ಲೆಕ್ಕ ನೆನಪಿದ್ದಷ್ಟು: ಸೋತ ಎರಡು ಸಲಕ್ಕೆ ಸಾವಿರದ ಒಂಬೈನೂರು, ಕುಚ್ಚುಗಳಿಗೆ ಹೋದ ಲೋಷನ್ ಆರುನೂರು, ಕೊನೆಯ ಸಲದ ಲೋಷನ್ ಒಂದೂಮುಕ್ಕಾಲು ಬಾಟಲಿ ನ್ಯೂಟ್ರಲೈಸರ್ ಸಮೇತ ಸಾವಿರದ ಇನ್ನೂರು, ಅಂಟುವಾಳ, ಆಮ್ಲ, ಪೈಪು, ನೀರು ಎಲ್ಲ ಸೇರಿ ಮುನ್ನೂರರ ಹತ್ತಿರ. ನಾಲ್ಕು ಸಾವಿರ ಎನ್ನಿ. ಚಿಕ್ಕಮ್ಮನಿಂದ ತೆಗೆದುಕೊಂಡದ್ದು ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಆದರೆ ಆಮೇಲೆ ಅದೇ ಊರಿನ ಮೂವರು ಬಂದರು, ಅವರಿಂದ ಕೈಗೆ ಹಣ ಬಂತು. ಅವರಲ್ಲಿ ಒಬ್ಬರನ್ನು ಬಟ್ಟಲಿನ ಬಣ್ಣ ನೋಡಿಯೇ ಆರು ವಾರ ಬಿಟ್ಟು ಬನ್ನಿ ಎಂದು ಕಳುಹಿಸಿದ್ದೇನೆ.

ಅಲೆ ಕೂರಿಸಲು ಕೊಂಡ ಜೆಲ್ ಚಿಕ್ಕಮ್ಮನಿಗೆ ಒಗ್ಗಲಿಲ್ಲ. ದಾಸವಾಳದ ಎಲೆಯ ಲೋಳೆ ಒಣಗಿದ ಮೇಲೆ ಹುಡಿ ಬಿಟ್ಟಿತು. ಮೆಂತ್ಯ ಅಂಟಿಕೊಂಡು ಬಿಡಲಿಲ್ಲ. ಅಗಸೆ ಬೀಜವನ್ನು ನೀರಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿದ ಲೋಳೆ ಚೆನ್ನಾಗಿ ನಿಂತಿತು. ಎರಡು ಚಮಚ ಬೀಜ ಒಂದು ವಾರಕ್ಕೆ ಸಾಕು, ಫ್ರಿಜ್ಜಿನಲ್ಲಿ ಇಡಬೇಕು.

ಈಗ ಬುಡದಲ್ಲಿ ಎರಡೂವರೆ ಅಂಗುಲ ನೇರ ಕೂದಲು ಬಂದಿದೆ. ಹಳೆಯ ಅಲೆಗೆ ಲೋಷನ್ ತಾಗದಂತೆ ಹೊಸ ಬುಡಕ್ಕೆ ಮಾತ್ರ ಹಾಕಬೇಕು, ಅದನ್ನು ಮತ್ತೆ ಕುಚ್ಚುಗಳ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಮುಂಗಾರು ಶುರುವಾಗಿದೆ. ಈ ಸಲ ಘಟಕದ ನೀರಿನ ಬದಲು ಮಳೆನೀರು ನೋಡೋಣವೆಂದು ಚಿಕ್ಕಮ್ಮನ ಮನೆಯ ಹೆಂಚಿನ ಸೂರಿನ ಕೆಳಗೆ ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಟು ಬಂದಿದ್ದೇನೆ. ಮೊದಲ ಮಳೆಯ ನೀರು ಹಿಡಿಯಬೇಡಿ, ಧೂಳಿರುತ್ತದೆ ಎಂದಿದ್ದೆ. ನಿನ್ನೆ ರಾತ್ರಿ ಎರಡನೆಯ ಮಳೆ ಬಂದಿದೆಯಂತೆ. ಒಂದು ಡ್ರಮ್ ತುಂಬಿದೆ ಎಂದು ಬೆಳಿಗ್ಗೆ ಫೋನ್ ಬಂತು.